ವಾಲ್ಡೆಮಾರ್ ಹಾಫ್‌ಕಿನ್

ವಾಲ್ಡೆಮಾರ್ ಮೊರ್ಡೆಕೈ ಹಾಫ್‌ಕಿನ್ (15 ಮಾರ್ಚ್ 1860 – 26 ಅಕ್ಟೋಬರ್ 1930) ಕಾಲರಾ ಮತ್ತು ಪ್ಲೇಗು ರೋಗಗಳ ವಿರುದ್ಧ ಲಸಿಕೆಗಳನ್ನು ರೂಪಿಸಿ, ಅವುಗಳನ್ನು ಭಾರತದಲ್ಲಿ ಬಳಕೆಗೆ ತಂದ ಸೂಕ್ಷ್ಮಜೀವಿ ವಿಜ್ಞಾನಿ. ಅವರ ಪ್ಲೇಗು ಲಸಿಕೆಯ ಆರಂಭಿಕ ದೊಡ್ಡ ಪರೀಕ್ಷೆಗಳಲ್ಲಿ ಕೆಲವು ಉತ್ತರ ಕರ್ನಾಟಕದ ಊರುಗಳಲ್ಲಿ ನಡೆದವು.

ಆರಂಭಿಕ ಜೀವನ

ಹಾಫ್‌ಕಿನ್ ಅಂದಿನ ರಷ್ಯಾ ಸಾಮ್ರಾಜ್ಯದ ಒಡೆಸ್ಸಾದಲ್ಲಿ ಯೆಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಇಲ್ಯಾ ಮೆಚ್ನಿಕಾಫ್ ಅವರ ಗುರುಗಳಾಗಿದ್ದರು. ದೇಹದೊಳಗೆ ನುಗ್ಗಿದ ಸೂಕ್ಷ್ಮಜೀವಿಗಳನ್ನು ಕೆಲವು ಜೀವಕೋಶಗಳು ನುಂಗಿ ನಾಶಪಡಿಸುತ್ತವೆ ಎಂಬ ಸಿದ್ಧಾಂತವನ್ನು ಮುಂದೆ ಮಂಡಿಸಿದವರು ಈ ಮೆಚ್ನಿಕಾಫ್. ಕ್ರೈಸ್ತಮತಕ್ಕೆ ಮತಾಂತರವಾಗಲು ಒಪ್ಪದ ಕಾರಣ ಹಾಫ್‌ಕಿನ್ ಅವರಿಗೆ ಪ್ರಾಧ್ಯಾಪಕ ಹುದ್ದೆಯ ದಾರಿ ಮುಚ್ಚಿತು. 1888ರಲ್ಲಿ ಜಿನೀವಾಕ್ಕೆ, ಮರುವರ್ಷ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಗೆ ತೆರಳಿದರು. ಅಲ್ಲಿ ಖಾಲಿಯಿದ್ದುದು ಗ್ರಂಥಪಾಲಕನ ಕೆಲಸ ಮಾತ್ರ. ಅದನ್ನೇ ಒಪ್ಪಿಕೊಂಡು, ಬಿಡುವಿನ ವೇಳೆಯಲ್ಲಿ ಸಂಶೋಧನೆ ನಡೆಸಿದರು.

ಕೋಶದೊಳಗಿನ ಪರಾವಲಂಬಿಗಳು

ಲಸಿಕೆಗಳ ಕೀರ್ತಿಯಲ್ಲಿ ಮರೆಯಾದ ಅವರ ಒಂದು ಕೆಲಸ 1890ರಲ್ಲಿ ಪ್ರಕಟವಾಯಿತು. ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗೂ ಅಂಟುರೋಗ ತಗಲುತ್ತದೆ ಎಂದು ತೋರಿಸಿ, ಅದರ ಕೋಶಕೇಂದ್ರದೊಳಗೆ ನೆಲೆಸುವ ಹೊಲೊಸ್ಪೊರಾ ಎಂಬ ಬ್ಯಾಕ್ಟೀರಿಯಾದ ಮೂರು ಪ್ರಭೇದಗಳನ್ನು ಅವರು ವಿವರಿಸಿದರು. ಆತಿಥೇಯ ಜೀವಿಯ ಕೋಶದೊಳಗೇ ಅಡಗಿ ಬೆಳೆಯುವ ಶತ್ರುವನ್ನು ಆ ಜೀವಿ ಹೇಗೆ ಎದುರಿಸುತ್ತದೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ರೇಷ್ಮೆಹುಳುವಿನ ಗಂಟು ರೋಗಕ್ಕೆ ಕಾರಣವಾದ ಮೈಕ್ರೊಸ್ಪೊರಿಡಿಯಾ ವರ್ಗದ ಪರಾವಲಂಬಿಯೂ ಹೀಗೆಯೇ ಕೋಶದೊಳಗೆ ಬದುಕುವಂಥದು. ಲೂಯಿ ಪಾಶ್ಚರ್ 1865ರಿಂದ ಕೆಲವು ವರ್ಷ ಆ ರೋಗದ ಬೆನ್ನು ಹತ್ತಿದ್ದರು.

ಕಾಲರಾ ಲಸಿಕೆ

ಹಾಫ್‌ಕಿನ್ ಕಾಲರಾ ರೋಗಾಣುವನ್ನು ಗಿನಿಯಿಲಿಗಳ ದೇಹದಲ್ಲಿ ಮತ್ತೆ ಮತ್ತೆ ದಾಟಿಸಿ ಅದರ ತೀವ್ರತೆಯನ್ನು ಹೆಚ್ಚಿಸಿದರು. ದುರ್ಬಲಗೊಳಿಸಿದ ಇನ್ನೊಂದು ಬಗೆಯನ್ನೂ ಸಿದ್ಧಪಡಿಸಿದರು. ಮೊದಲು ದುರ್ಬಲವಾದುದನ್ನು, ಬಳಿಕ ತೀವ್ರವಾದುದನ್ನು ಚುಚ್ಚುವುದು ಅವರ ಕ್ರಮ. 1892ರ ಜುಲೈ 18ರಂದು ಲಸಿಕೆಯನ್ನು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡರು. 1893ರಲ್ಲಿ ಭಾರತಕ್ಕೆ ಬಂದು, ಎರಡು ವರ್ಷಗಳಲ್ಲಿ 40 ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿದರು.

ಪ್ಲೇಗು ಲಸಿಕೆ

1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಸರ್ಕಾರ ಅವರನ್ನು ಅಲ್ಲಿಗೆ ಕರೆಸಿತು. ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನ ಸಣ್ಣ ಕೊಠಡಿಯಲ್ಲಿ ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟು ಅವರು ರೋಗಾಣುವನ್ನು ಬೆಳೆಸಿದರು. ತುಪ್ಪಕ್ಕೆ ಅಂಟಿಕೊಂಡ ರೋಗಾಣುಗಳು ಬಿಳಲುಗಳಂತೆ ಕೆಳಕ್ಕೆ ಇಳಿಯುತ್ತಿದ್ದವು. ಹೀಗೆ ಬೆಳೆದುದನ್ನು ಕಾಯಿಸಿ ಕೊಂದು ಲಸಿಕೆಯಾಗಿ ಬಳಸಲಾಯಿತು. 1897ರ ಜನವರಿ 10ರಂದು ಹಾಫ್‌ಕಿನ್ ಇದನ್ನೂ ಮೊದಲು ತಾವೇ ಚುಚ್ಚಿಸಿಕೊಂಡರು.

ಬಡೋದೆಯ ಬಳಿಯ ಉಂಧೇರಾ ಗ್ರಾಮದಲ್ಲಿ 1898ರಲ್ಲಿ ನಡೆದ ಪರೀಕ್ಷೆ ವಿಶೇಷ ಉಲ್ಲೇಖಕ್ಕೆ ಅರ್ಹವಾದುದು. ಪ್ರತಿಯೊಂದು ಮನೆಯಲ್ಲೂ ಸುಮಾರು ಅರ್ಧದಷ್ಟು ಜನರಿಗೆ ಮಾತ್ರ ಲಸಿಕೆ ಹಾಕಲಾಯಿತು. ಆದ್ದರಿಂದ ಲಸಿಕೆ ಪಡೆದವರೂ ಪಡೆಯದವರೂ ಒಂದೇ ಸೂರಿನಡಿ, ಒಂದೇ ಅಪಾಯದಲ್ಲಿದ್ದರು. ಪಡೆದ 71 ಜನರಲ್ಲಿ 8 ಮಂದಿಗೆ ರೋಗ ತಗಲಿ 3 ಮಂದಿ ತೀರಿಕೊಂಡರೆ, ಪಡೆಯದ 64 ಜನರಲ್ಲಿ 27 ಮಂದಿಗೆ ತಗಲಿ 26 ಮಂದಿ ತೀರಿಕೊಂಡರು.

ಉತ್ತರ ಕರ್ನಾಟಕದಲ್ಲಿ

ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳು ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಪುಣೆ–ಬೆಂಗಳೂರು ಮಾರ್ಗದಲ್ಲಿರುವ ನಿಪ್ಪಾಣಿ ಆಗ ಚಿಕ್ಕೋಡಿ ತಾಲೂಕಿನ ವ್ಯಾಪಾರದ ಊರಾಗಿತ್ತು. ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಸರಕು ಮತ್ತು ಜನರ ಓಡಾಟದೊಡನೆ ಪ್ಲೇಗು ದಕ್ಷಿಣಕ್ಕೆ ಹರಡಿತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಜನರು ಊರು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. 1897ರ ಕೊನೆಯಲ್ಲಿ ಬೆಳಗಾವಿಯ ದಂಡಿನಲ್ಲಿ 26ನೆಯ ಮದ್ರಾಸ್ ಕಾಲಾಳು ಪಡೆಗೆ ಲಸಿಕೆ ಹಾಕಲಾಯಿತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಲಸಿಕೆ ಪಡೆದವರ ಸಂಖ್ಯೆ 30 ಸಾವಿರವನ್ನು ಮೀರಿತು. ಆ ಕಾಲದಲ್ಲಿ ಒಂದು ಊರಿನ ಬಹುಪಾಲು ಜನ ಚುಚ್ಚುಮದ್ದಿಗೆ ತೋಳೊಡ್ಡಿದ್ದು ಅಪರೂಪದ ಸಂಗತಿ.

ಮುಲ್ಕೋವಾಲ್ ದುರಂತ

1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ ಲಸಿಕೆ ಪಡೆದವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಎಲ್ಲರಿಗೂ ಒಂದೇ ಸೀಸೆಯ ಮದ್ದು ಹೋಗಿತ್ತು. ತನಿಖಾ ಆಯೋಗವು ತಪ್ಪನ್ನು ಪ್ರಯೋಗಾಲಯದ ಮೇಲೆ ಹೊರಿಸಿತು. ಹಾಫ್‌ಕಿನ್ ಹುದ್ದೆ ಕಳೆದುಕೊಂಡರು. ಆದರೆ ಸೀಸೆ ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಗೊಳಿಸಿರಲಿಲ್ಲ. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಅವರ ಪರವಾಗಿ ಬರೆದ ಮೇಲೆ 1907ರಲ್ಲಿ ದೋಷಮುಕ್ತರಾದರು. ನ್ಯಾಯ ದೊರೆಯಲು ಐದು ವರ್ಷ ಹಿಡಿಯಿತು. ಮುಂಬಯಿಯ ಪ್ರಯೋಗಾಲಯ ಮಾತ್ರ ಮತ್ತೆ ಅವರ ಕೈಗೆ ಬರಲಿಲ್ಲ. ಕಲ್ಕತ್ತೆಯಲ್ಲಿ ಕೆಲಸಕ್ಕೆ ಸೇರಿದರು.

ಲಸಿಕೆಯ ಮಿತಿ ಮತ್ತು ನಂತರದ ಅಧ್ಯಯನ

ಕೊಂದ ರೋಗಾಣುವಿನ ಲಸಿಕೆಯು ಮುಖ್ಯವಾಗಿ ರಕ್ತದಲ್ಲಿ ಪ್ರತಿಕಾಯಗಳನ್ನು ಹುಟ್ಟಿಸುತ್ತದೆ. ಗಡ್ಡೆಯ ಪ್ಲೇಗಿನಿಂದ ಇದು ಸಾಕಷ್ಟು ರಕ್ಷಣೆ ನೀಡಿತಾದರೂ ಶ್ವಾಸಕೋಶದ ಪ್ಲೇಗನ್ನು ತಡೆಯಲು ಸಾಲದಾಯಿತು. ಕೋಶದೊಳಗೆ ಅಡಗುವ ಪರಾವಲಂಬಿಗಳಿಗೆ ಪ್ರತಿಕಾಯಗಳಷ್ಟೇ ಸಾಲವು ಎಂಬುದನ್ನು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಿಳಿ ಇಲಿಮರಿಗಳಲ್ಲ, ತಳಿಶುದ್ಧ ಚಿಟ್ಟಿಲಿಗಳು ಸ್ಪಷ್ಟಪಡಿಸಿದವು. ಎನ್ಸೆಫಲಿಟೊಜೂನ್ ಕ್ಯುನಿಕ್ಯುಲಿ ಎಂಬ ಮೈಕ್ರೊಸ್ಪೊರಿಡಿಯಾ ತಗಲಿದಾಗ ಆರೋಗ್ಯವಂತ ಚಿಟ್ಟಿಲಿ ಹೆಚ್ಚಿನ ರೋಗಲಕ್ಷಣಗಳಿಲ್ಲದೆ ಬದುಕುತ್ತದೆ. ಟಿ ಕೋಶಗಳಿಲ್ಲದ ಚಿಟ್ಟಿಲಿ ಸಾಯುತ್ತದೆ. ಸೋಂಕು ಹೊಕ್ಕ ಕೋಶಗಳನ್ನು ಕೊಲ್ಲುವ ಸಿಡಿ8 ಟಿ ಕೋಶಗಳು ಮತ್ತು ಭಕ್ಷಕ ಕೋಶಗಳನ್ನು ಹುರಿದುಂಬಿಸುವ ಗಾಮಾ ಇಂಟರ್‌ಫೆರಾನ್ ಈ ರಕ್ಷಣೆಯ ಆಧಾರ. ಏಡ್ಸ್ ರೋಗಿಗಳಲ್ಲಿ ಮೈಕ್ರೊಸ್ಪೊರಿಡಿಯಾ ಉಗ್ರವಾಗಿ ಕಾಡುವುದು ಟಿ ಕೋಶಗಳ ಕೊರತೆಯಿಂದಲೇ.

ಕೊನೆಯ ವರ್ಷಗಳು

ಹಾಫ್‌ಕಿನ್ ಅವಿವಾಹಿತರಾಗಿಯೇ ಉಳಿದರು. ನಿವೃತ್ತಿಯ ನಂತರ ಯುರೋಪಿಗೆ ಮರಳಿ, ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ನಿಧನರಾದರು. 1899ರಲ್ಲಿ ಪರೇಲ್‌ನ ಹಳೆಯ ಸರ್ಕಾರಿ ಭವನಕ್ಕೆ ಸ್ಥಳಾಂತರಗೊಂಡಿದ್ದ ಅವರ ಪ್ಲೇಗು ಪ್ರಯೋಗಾಲಯಕ್ಕೆ 1925ರಲ್ಲಿ ಹಾಫ್‌ಕಿನ್ ಸಂಸ್ಥೆ ಎಂದು ಹೆಸರಿಡಲಾಯಿತು. ಭಾರತದ ಅಂಚೆ ಇಲಾಖೆ 1964ರಲ್ಲಿ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು.