ಹಾದಿಗಳನ್ನು ತೆರೆದ ಮಲ್ಯರು

ಉಳ್ಳಾಲ ಶ್ರೀನಿವಾಸ ಮಲ್ಯರು 1902ರಲ್ಲಿ ಜನಿಸಿದರು. ಕಡಲು, ಘಟ್ಟ, ಹೊಳೆಗಳ ನಡುವಿನ ದಕ್ಷಿಣ ಕನ್ನಡವು ಆಗ ಹೊರನಾಡಿಗೆ ದೂರವಾಗಿತ್ತು. ಆಕಾಶಮಾರ್ಗದಲ್ಲಿ ಮಂಗಳೂರಿನಿಂದ ಮುಂಬಯಿಗೆ ಸುಮಾರು 700 ಕಿಲೋಮೀಟರು. ಆದರೆ ವಿಮಾನವಿಲ್ಲದ ಆ ಕಾಲದಲ್ಲಿ ಪ್ರಯಾಣಕ್ಕೆ ದಿನಗಳೇ ಬೇಕಾಗುತ್ತಿದ್ದವು.

ಸ್ವಾತಂತ್ರ್ಯ ಹೋರಾಟಗಾರರಾಗಿದ್ದ ಮಲ್ಯರು ಲೋಕಸಭಾ ಸದಸ್ಯರಾಗಿ ಈ ಕೊರತೆಯನ್ನು ನೀಗಿಸಲು ಶ್ರಮಿಸಿದರು. 1951ರಲ್ಲಿ ಬಜ್ಪೆಯ ವಿಮಾನ ನಿಲ್ದಾಣದಲ್ಲಿ ಪ್ರಧಾನಿ ನೆಹರೂ ಬಂದಿಳಿದರು. ದಿನಗಳ ಹಾದಿ ಗಂಟೆಗಳ ಹಾದಿಯಾಯಿತು. ವಿಮಾನವೇರಲಾರದ ಬಡವರನ್ನೂ ಮಲ್ಯರು ಮರೆಯಲಿಲ್ಲ. ಕರಾವಳಿಯ ಹೆದ್ದಾರಿಗಾಗಿ ದುಡಿದರು. ಕೂಳೂರಿನಲ್ಲಿ ಫಲ್ಗುಣಿ ಹೊಳೆಗೆ ಸೇತುವೆಯಾಯಿತು.

ಕೂಳೂರಿನ ನೆರೆಯ ಪಣಂಬೂರಿನಲ್ಲಿ ದೊಡ್ಡ ಬಂದರೊಂದು ಆಗಬೇಕೆಂಬುದು ಅವರ ಹಂಬಲವಾಗಿತ್ತು. ಆ ಕಾರ್ಯ ಮುಗಿಯುವ ಮುನ್ನವೇ, 1965ರಲ್ಲಿ, ಅವರು ನಿಧನರಾದರು. 1975ರಲ್ಲಿ ಬಂದರು ರಾಷ್ಟ್ರಕ್ಕೆ ಸಮರ್ಪಿತವಾದಾಗ ಅದನ್ನು ಕಾಣಲು ಮಲ್ಯರಿರಲಿಲ್ಲ. ತಾವು ನಡೆಯಲಾಗದ ಹಾದಿಯನ್ನೂ ಮುಂದಿನವರಿಗಾಗಿ ತೆರೆದವರು ಅವರು.