ಸಾತಳ್ಳಿಯ ದೊಡ್ಡಸ್ವಾಮಿಯವರು

ದೇವರ ಚಿತ್ತಕ್ಕೆ ತಲೆಬಾಗುವುದು ಬಾಯಿಮಾತಿಗೆ ಸುಲಭ, ಬಾಳಿಗೆ ಕಠಿಣ. ನಮಗೆ ಹಿತವಾದುದನ್ನೇ ದೈವಚಿತ್ತವೆಂದು ಕರೆದು ಸಮಾಧಾನಪಡುವವರೇ ನಮ್ಮಲ್ಲಿ ಹೆಚ್ಚು. ಶ್ರವಣಬೆಳಗೊಳದ ಬೆಟ್ಟದ ಮೇಲೆ ಸರ್ವವನ್ನೂ ತೊರೆದು ನಿಂತ ಗೊಮ್ಮಟನನ್ನು ನಿತ್ಯ ಕಾಣುವ ಈ ಸೀಮೆಯವರಿಗೆ ತ್ಯಾಗವೆಂಬ ಮಾತು ಹೊಸದಲ್ಲ. ಶತಮಾನೋತ್ಸವದ ಈ ಪುಣ್ಯಸಂದರ್ಭದಲ್ಲಿ, ಹಾಸನ ಸೀಮೆಯಲ್ಲಿ ಕ್ರಿಸ್ತವಿಶ್ವಾಸಕ್ಕಾಗಿ ದುಡಿದ ಅಬ್ಬೆ ದುಬುವಾ ಅವರನ್ನು ಸ್ಮರಿಸುವುದು ನಮ್ಮ ಕರ್ತವ್ಯ.

ಜೀನ್ ಆಂತ್ವಾನ್ ದುಬುವಾ ಅವರು ಹುಟ್ಟಿದ್ದು 1765ರ ಸುಮಾರಿಗೆ, ಫ್ರಾನ್ಸ್ ದೇಶದ ಆರ್ದೇಶ್ ಪ್ರಾಂತ್ಯದಲ್ಲಿ. 1792ರಲ್ಲಿ ಗುರುದೀಕ್ಷೆ ಪಡೆದರು. ಆಗ ಅವರ ದೇಶ ಕ್ರಾಂತಿಯ ಬೆಂಕಿಯಲ್ಲಿ ಬೇಯುತ್ತಿತ್ತು. ಪ್ಯಾರಿಸಿನ ವಿದೇಶ ಧರ್ಮಪ್ರಚಾರ ಸಂಸ್ಥೆಯನ್ನು ಸೇರಿ ಅದೇ ವರ್ಷ ಭಾರತಕ್ಕೆ ಹೊರಟರು.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ, ಯುದ್ಧದಿಂದಲೂ ಬಲವಂತದ ಮತಾಂತರದಿಂದಲೂ ಚದುರಿಹೋಗಿದ್ದ ಕ್ರೈಸ್ತರನ್ನು ಒಂದುಗೂಡಿಸುವ ಹೊಣೆ ಅವರ ಹೆಗಲೇರಿತು. ಜನರ ಉಡುಗೆಯನ್ನೇ ಉಟ್ಟು, ಅವರ ಆಚಾರಕ್ಕೆ ಹೊಂದಿಕೊಂಡು ಬಾಳಿದರು. ಹಾಸನದ ಬಳಿಯ ಸಾತಳ್ಳಿಯಲ್ಲಿ ಕ್ರೈಸ್ತರಿಗಾಗಿ ಕೃಷಿನೆಲೆಯೊಂದನ್ನು ಸ್ಥಾಪಿಸಿದರು. ಸಿಡುಬಿನ ಹಾವಳಿ ತಡೆಯಲು 1803-04ರಲ್ಲಿ ದೇವಿ ಹಾಕಿಸುವ ಕಾರ್ಯಕ್ಕೆ ನಿಂತರು. ಅವರ ಮೇಲ್ವಿಚಾರಣೆಯಲ್ಲಿ 25,000ಕ್ಕೂ ಮಿಕ್ಕ ಜನರಿಗೆ ದೇವಿ ಹಾಕಲಾಯಿತು. ಮೈಸೂರು ಸೀಮೆಯ ಜನ ಅವರನ್ನು ದೊಡ್ಡಸ್ವಾಮಿಯವರೆಂದು ಕರೆದರು.

ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು ಕಂಪನಿ ಸರ್ಕಾರ 2,000 ವರಹ ಕೊಟ್ಟು ಕೊಂಡಿತು. ಅದರ ಇಂಗ್ಲಿಷ್ ಅನುವಾದ 1816ರಲ್ಲಿ ಪ್ರಕಟವಾಯಿತು. ಜೈನರನ್ನು ಕುರಿತ ಭಾಗವೂ ಅದರಲ್ಲಿದೆ. ಆ ಗ್ರಂಥದ ಬಹುಭಾಗ ಅವರಿಗಿಂತ ಹಿಂದಿನ ಯೇಸುಸಭೆಯ ಗುರು ಕೊರ್ದೂ ಅವರ ಬರಹವನ್ನು ಆಧರಿಸಿದೆಯೆಂದು ಈಚಿನ ವಿದ್ವಾಂಸರು ತೋರಿಸಿದ್ದಾರೆ. ದೊಡ್ಡವರ ಜೀವನವನ್ನು ಹೇಳುವಾಗ ಇಂಥ ಸತ್ಯವನ್ನು ಮರೆಮಾಚಬೇಕಾಗಿಲ್ಲ. ದೇವರು ಬಳಸಿಕೊಳ್ಳುವುದು ಕುಂದುಕೊರತೆಯುಳ್ಳ ಮನುಷ್ಯರನ್ನೇ.

ಆದರೆ ಅವರ ನಿಜವಾದ ಶಿಲುಬೆ ಬಿಸಿಲಲ್ಲ, ಬಡತನವಲ್ಲ, ನಿಷ್ಫಲತೆಯ ಅರಿವು. ಇಪ್ಪತ್ತೈದು ವರ್ಷ ದುಡಿದರೂ ತಮ್ಮಿಂದ ಹೊಸದಾಗಿ ದೀಕ್ಷಾಸ್ನಾನ ಪಡೆದವರು ಇನ್ನೂರು ಮುನ್ನೂರು ಮಂದಿ ಮಾತ್ರ, ಅವರಲ್ಲಿಯೂ ದೃಢವಿಶ್ವಾಸ ವಿರಳವೆಂದು ಅವರು ಬಹಿರಂಗವಾಗಿ ಬರೆದರು. 1823ರಲ್ಲಿ ಪ್ರಕಟವಾದ ಆ ಪತ್ರಗಳು ದೊಡ್ಡ ವಿವಾದವನ್ನೇ ಎಬ್ಬಿಸಿದವು. ಹೀಗೆ ನಿರಾಶರಾದವರು ಗುರುತ್ವವನ್ನೇ ತೊರೆದಿದ್ದರೆ ಆಶ್ಚರ್ಯವಿರಲಿಲ್ಲ. ಅವರು ತೊರೆಯಲಿಲ್ಲ. 1823ರ ಜನವರಿಯಲ್ಲಿ ಭಾರತ ಬಿಟ್ಟು ಪ್ಯಾರಿಸಿಗೆ ಮರಳಿ, ತಮ್ಮನ್ನು ಕಳುಹಿಸಿದ ಸಂಸ್ಥೆಯ ಗುರುಮಠದಲ್ಲಿಯೇ ಸೇವೆ ಸಲ್ಲಿಸಿದರು. ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ತಂದರು. 1836ರಿಂದ 1839ರವರೆಗೆ ಮುಖ್ಯಾಧಿಕಾರಿಯಾಗಿದ್ದರು. ತಾವು ಫಲ ಕಾಣದ ಹೊಲಕ್ಕೆ ಬೇರೆ ಉಳುವವರನ್ನು ಸಿದ್ಧಪಡಿಸುವ ಮನೆಯಲ್ಲಿ ಇಪ್ಪತ್ತೈದು ವರ್ಷ ಬಾಳಿ, 1848ರ ಫೆಬ್ರವರಿ 17ರಂದು ದೈವಾಧೀನರಾದರು.

ಫಲವಾದರೋ ಅವರ ಕಣ್ಣಿಗೆ ಬೀಳದೆ ಬಂದಿತು. 1850ರಲ್ಲಿ ಮೈಸೂರು ಪ್ರತ್ಯೇಕ ಧರ್ಮಪ್ರಾಂತವಾಯಿತು. 1963ರಲ್ಲಿ ಹಾಸನ ಜಿಲ್ಲೆಯನ್ನೊಳಗೊಂಡ ಚಿಕ್ಕಮಗಳೂರು ಧರ್ಮಕ್ಷೇತ್ರ ಸ್ಥಾಪನೆಯಾಯಿತು.

ಪ್ರಿಯ ಸಹೋದರ ಸಹೋದರಿಯರೇ, ಮಳೆ ಕೈಕೊಟ್ಟಾಗ, ಮನೆಯಲ್ಲಿ ಕಾಯಿಲೆ ನೆಲೆಸಿದಾಗ, ಸಾಕಿ ಬೆಳೆಸಿದ ಮಕ್ಕಳು ಪೂಜೆಗೆ ಬರುವುದನ್ನೇ ಬಿಟ್ಟಾಗ, ಎಲ್ಲವೂ ವ್ಯರ್ಥವಾಯಿತೆಂದು ನಾವು ಮರುಗುತ್ತೇವೆ. ಮರುಗುವುದು ಪಾಪವಲ್ಲ; ಗೆತ್ಸೆಮನೆಯ ತೋಪಿನಲ್ಲಿ ಪ್ರಭುವೂ ಮರುಗಿದರು. ಮರುಗುತ್ತಲೇ ನಮ್ಮ ಪಾಲಿನ ಕೆಲಸವನ್ನು ಬಿಡದೆ ಮಾಡೋಣ, ಫಲವನ್ನು ತಂದೆಯ ಕೈಗೊಪ್ಪಿಸೋಣ. ದೊಡ್ಡಸ್ವಾಮಿಯವರ ಬಾಳು ನಮಗೆ ಕಲಿಸುವ ಪಾಠ ಇದೇ.