ಸ್ಪರ್ಜನ್ ಅಯ್ಯನವರ ದುಃಖವೂ ಆದರಣೆಯೂ

ದೇವಭಕ್ತನು ಎಂದೂ ಮನಗುಂದಬಾರದೆಂದೂ, ಮನಗುಂದಿದರೆ ಅವನ ನಂಬಿಕೆಯೇ ಬಿದ್ದುಹೋಯಿತೆಂದೂ ನಮ್ಮ ಸಭೆಗಳಲ್ಲಿ ಕೆಲವರು ನೆನಸುವದುಂಟು. ಇಂಥವರ ಉಪಯೋಗಕ್ಕಾಗಿ ಲಂಡನ್ ಪಟ್ಟಣದ ಪ್ರಸಿದ್ಧ ಬೋಧಕರಾಗಿದ್ದ ಚಾರ್ಲ್ಸ್ ಹ್ಯಾಡನ್ ಸ್ಪರ್ಜನ್ ಅಯ್ಯನವರ ಚರಿತ್ರೆಯನ್ನು ಸಂಕ್ಷೇಪವಾಗಿ ಬರೆಯುತ್ತೇವೆ.

ಅವರು 1834ನೆಯ ಇಸವಿ ಜೂನ್ 19ರಲ್ಲಿ ಇಂಗ್ಲೆಂಡ್ ದೇಶದ ಎಸೆಕ್ಸ್ ಸೀಮೆಯ ಕೆಲ್ವಿಡನ್ ಎಂಬ ಊರಲ್ಲಿ ಹುಟ್ಟಿದರು. ತಂದೆಯೂ ತಾತನೂ ಬೋಧಕರೇ. 1850ರ ಜನವರಿಯಲ್ಲಿ, ಹಿಮ ಬೀಳುತ್ತಿದ್ದ ಒಂದು ಆದಿತ್ಯವಾರ, ಕೋಲ್ಚೆಸ್ಟರಿನ ಚಿಕ್ಕ ಪ್ರಾರ್ಥನಾಲಯವನ್ನು ಹೊಕ್ಕು, ಅಲ್ಲಿ ಕೇಳಿದ ಸರಳವಾದ ಪ್ರಸಂಗದಿಂದ ಕರ್ತನ ಕಡೆಗೆ ತಿರುಗಿದರು. ಬಳಿಕ ವಾಟರ್‌ಬೀಚ್ ಎಂಬ ಹಳ್ಳಿಯ ಸಭೆಯಲ್ಲಿ ಸೇವೆಮಾಡಿ, 1854ರಲ್ಲಿ, ಇಪ್ಪತ್ತು ವರುಷ ತುಂಬುವದಕ್ಕೆ ಮುಂಚೆಯೇ, ಲಂಡನಿನ ನ್ಯೂ ಪಾರ್ಕ್ ಸ್ಟ್ರೀಟ್ ಸಭೆಗೆ ಪಾಲಕರಾದರು.

ಜನರು ಗುಂಪುಗುಂಪಾಗಿ ಬಂದದ್ದರಿಂದ ಆ ಆಲಯವು ಸಾಲದೆ ಹೋಯಿತು. 1856ರ ಅಕ್ಟೋಬರ್ 19ರ ಸಾಯಂಕಾಲ ಸರ್ರೆ ಗಾರ್ಡನ್ಸ್ ಎಂಬ ತೋಟದ ದೊಡ್ಡ ಸಂಗೀತಶಾಲೆಯಲ್ಲಿ ಆರಾಧನೆಯನ್ನು ನೇಮಿಸಿದರು. ಸಾವಿರಾರು ಜನರು ಕೂಡಿದ್ದಾಗ ಯಾರೋ ಬೆಂಕಿ ಬಿತ್ತೆಂದು ಸುಳ್ಳು ಕೂಗಿದರು. ಜನರು ಬಾಗಿಲುಗಳಿಗೆ ನುಗ್ಗಿದ್ದರಿಂದ ಏಳು ಮಂದಿ ತುಳಿತಕ್ಕೆ ಸಿಕ್ಕಿ ಸತ್ತರು, ಅನೇಕರು ಗಾಯಗೊಂಡರು. ಆಗ ಬೋಧಕರಿಗೆ 22 ವರುಷ. ಮನೆಯಲ್ಲಿ ಒಂದು ತಿಂಗಳ ಅವಳಿಮಕ್ಕಳು. ಅವರು ಈ ದುಃಖದಿಂದ ನೆಲಕ್ಕೆ ಬಿದ್ದವರಂತಾದರು. ಸ್ನೇಹಿತರು ಅವರನ್ನು ಕ್ರಾಯ್ಡನ್ ಊರಿನ ಒಂದು ಮನೆಗೆ ಕರಕೊಂಡುಹೋಗಿ ಸುಮ್ಮನೆ ಇರಗೊಡಿಸಿದರು. ಅಲ್ಲಿಯ ತೋಟದಲ್ಲಿ ತಿರುಗಾಡುತ್ತಿರುವಾಗ ಕರ್ತನು ಅವರ ಮನಸ್ಸಿಗೆ ಆದರಣೆ ಕೊಟ್ಟನು. ಸುಮಾರು ಎರಡು ವಾರಗಳ ಮೇಲೆ ತಿರಿಗಿ ಪ್ರಸಂಗಪೀಠವನ್ನು ಹತ್ತಿದರು. ಆದರೂ ಮನೋಭಾರವು ಆಯುಷ್ಕಾಲವೆಲ್ಲಾ ಆಗಾಗ್ಗೆ ಅವರನ್ನು ಬಾಧಿಸುತ್ತಿತ್ತು.

ಈ ಬಾಧೆಯನ್ನು ಅವರು ಮರೆಮಾಡದೆ ಇತರರ ಹಿತಕ್ಕಾಗಿ ಉಪಯೋಗಿಸಿದರು. 1856ರಲ್ಲಿ ಒಬ್ಬನೇ ವಿದ್ಯಾರ್ಥಿಯಿಂದ ಆರಂಭಿಸಿದ ಬೋಧಕರ ಪಾಠಶಾಲೆಯಲ್ಲಿ ಶುಕ್ರವಾರದ ಮಧ್ಯಾಹ್ನಗಳಲ್ಲಿ ಕುಳಿತು, ತಂದೆಯು ಮಕ್ಕಳಿಗೆ ಹೇಳುವಂತೆ, ಯೌವನಸ್ಥರಿಗೆ ಬುದ್ಧಿಹೇಳುತ್ತಿದ್ದರು. ಮನಗುಂದುವಿಕೆಯು ಯಾವಾಗಲೂ ಪಾಪದ ಫಲವಲ್ಲ. ದೇಹದ ರೋಗದಿಂದಲೂ, ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ಓದುವದರಿಂದಲೂ, ದೊಡ್ಡ ಜಯವಾದ ಮೇಲೆ ಬರುವ ಆಯಾಸದಿಂದಲೂ ಉಂಟಾಗುತ್ತದೆಂದು ತಿಳಿಸಿದರು. ಬಯಲಿನ ಗಾಳಿಯಲ್ಲಿ ನಡೆಯಬೇಕೆಂದೂ, ವಿಶ್ರಾಂತಿಯ ಹೊತ್ತು ವ್ಯರ್ಥವಲ್ಲವೆಂದೂ ಕಲಿಸಿದರು. ಕೆಟ್ಟ ಗಾಳಿಯಿಂದ ಕೇಳುವವರಿಗೆ ತೂಕಡಿಕೆ ಬರುವದಾದದರಿಂದ ದೇವಾಲಯದ ಕಿಟಕಿಗಳನ್ನು ತೆರೆದಿಡಬೇಕೆಂಬದನ್ನು ಸಹ ಹೇಳದೆ ಬಿಡಲಿಲ್ಲ. ಈ ಪಾಠಗಳ ಮೊದಲನೆಯ ಸಂಪುಟವು 1875ರಲ್ಲಿ ಅಚ್ಚಾಯಿತು. ರೋಗಿಯಾಗಿದ್ದ ಅವರ ಪತ್ನಿ ಸೂಸನ್ನಮ್ಮನವರು ಅದನ್ನು ಓದಿ, ತಾವು ಕೂಡಿಸಿಟ್ಟ ಹಣದಿಂದ ಅದರ ಪ್ರತಿಗಳನ್ನು ಬಡ ಬೋಧಕರಿಗೆ ಕಳುಹಿಸಿದರು. ಆ ಪಾಠಶಾಲೆಯಿಂದ ಅವರ ಜೀವಮಾನದಲ್ಲಿ 800ಕ್ಕೂ ಹೆಚ್ಚು ಮಂದಿ ಹೊರಟರು.

ಸತ್ಯವನ್ನೇ ಹೇಳಬೇಕಾದರೆ, ತಾವು ಕಲಿಸಿದ್ದನ್ನು ಅವರು ಯಾವಾಗಲೂ ಕೈಕೊಳ್ಳಲಿಲ್ಲ. 1861ರಲ್ಲಿ ತೆರೆದ ದೊಡ್ಡ ಆಲಯದ ಸಭೆ, ಅನಾಥಾಲಯ, ಪಾಠಶಾಲೆ, ಪತ್ರಿಕೆ, ಇವೆಲ್ಲವುಗಳ ಭಾರವನ್ನು ಹೊತ್ತು ಶಕ್ತಿಗೆ ಮೀರಿ ದುಡಿದರು. ಕೀಲುವಾಯುವೂ ಮೂತ್ರಪಿಂಡದ ರೋಗವೂ ಅವರನ್ನು ಕುಗ್ಗಿಸಿದವು. ಚಳಿಗಾಲದಲ್ಲಿ ವಿಶ್ರಾಂತಿಗಾಗಿ ಫ್ರಾನ್ಸ್ ದೇಶದ ಮೆಂಟೋನ್ ಊರಿಗೆ ಹೋಗುತ್ತಿದ್ದರು. ಅಲ್ಲಿಯೇ 1892ರ ಜನವರಿ 31ರಲ್ಲಿ, 57ನೆಯ ವಯಸ್ಸಿನಲ್ಲಿ, ಕರ್ತನಲ್ಲಿ ನಿದ್ರೆಹೋದರು.

ಇದರಿಂದ ನಾವು ಕಲಿಯುವದೇನು? ಬೇಸತ್ತು ಗಿಡದ ಕೆಳಗೆ ಮಲಗಿದ ಎಲೀಯನನ್ನು ದೇವರು ಗದರಿಸಲಿಲ್ಲ. ರೊಟ್ಟಿಯನ್ನೂ ನೀರನ್ನೂ ಕೊಟ್ಟು ಮಲಗಗೊಡಿಸಿದನು. ಆದದರಿಂದ ನಮ್ಮ ನೆರೆಯವನು ಮನಗುಂದಿ ಸಭೆಗೆ ಬಾರದೆ ಇದ್ದರೆ, ಅವನ ನಂಬಿಕೆಯನ್ನು ತೂಗಿನೋಡುವ ಮೊದಲು ಅವನ ಮನೆಗೆ ಹೋಗಿ, ಉಂಡನೋ, ನಿದ್ರೆಮಾಡಿದನೋ, ಕಾಯಿಲೆ ಏನಾದರೂ ಉಂಟೋ ಎಂದು ವಿಚಾರಿಸೋಣ. ಮೂಗೆತ್ತುಗಳಿಗೂ ನೊಗ ಬಿಚ್ಚುವ ನಾವು ನಮ್ಮ ಹೆಂಡತಿಮಕ್ಕಳಿಗೂ ಆಳುಗಳಿಗೂ ನಮ್ಮ ದೇಹಗಳಿಗೂ ಅಷ್ಟು ದಯೆಯನ್ನಾದರೂ ತೋರಿಸಬೇಡವೇ?